ಸೇರಿನಲ್ಲಿ ಅಳೆದ ಅಂತರಿಕ್ಷ

ಇತಿಹಾಸ ಪಾಠ ಮಾಡುವವರ ಕೈಗೆ ಭವಿಷ್ಯವನ್ನು ಕೊಂಡುತರುವ ಕೆಲಸ ಕೊಡಬಾರದು. ಆಗಿಹೋದದ್ದನ್ನೇ ಸರಿಯಾಗಿ ಗೊತ್ತುಮಾಡಿಕೊಳ್ಳಲಾರದೆ ಒದ್ದಾಡುವ ಜನ ನಾವು. ನಾನು ಗಡಿಯಾಚೆ ಮರಾಠಿ ಸೀಮೆಯ ಜತ್ತದ ಒಂದು ಜೂನಿಯರ್ ಕಾಲೇಜಿನಲ್ಲಿ ಹದಿನೆಂಟು ವರ್ಷದಿಂದ ಇತಿಹಾಸ ಹೇಳುತ್ತಿದ್ದೇನೆ. ಅದಕ್ಕೂ ಮೊದಲಿನಿಂದ ದಿನಚರಿ ಬರೆಯುತ್ತಿದ್ದೇನೆ. ಈ ಎರಡು ಅಭ್ಯಾಸಗಳಿಂದ ನಾನು ಕಲಿತದ್ದು ಏನಾದರೂ ಇದ್ದರೆ, ನನ್ನ ನೆನಪಿನ ಮೇಲೆ ಭಾರ ಹಾಕಿ ಕೂರಬಾರದು ಎಂಬುದು. ಯಾವುದೋ ಮದುವೆಯಲ್ಲಿ ನಾನು ಹಸಿರು ಸೀರೆ ಉಟ್ಟಿದ್ದೆ ಎಂದು ಹತ್ತು ವರ್ಷ ಹೇಳಿಕೊಂಡು ಬಂದಿರುತ್ತೇನೆ. ದಿನಚರಿ ತೆಗೆದರೆ ಆ ದಿನ ನನಗೆ ಜ್ವರ, ಮದುವೆಗೇ ಹೋಗಿರುವುದಿಲ್ಲ. ಹೀಗಿರುವಾಗ ಹೋದ ದೀಪಾವಳಿಗೆ ಮುಂಚೆ ನಮ್ಮ ಮನೆಯವರೆಲ್ಲ ಸೇರಿ ನನ್ನ ಕೈಗೆ ರಾಕೆಟ್ಟು, ರೋಬೋ, ಚಂದ್ರಲೋಕದ ನಿಲ್ದಾಣ ಇವುಗಳ ಖರೀದಿಯನ್ನು ಒಪ್ಪಿಸಿದರು. ಕಾರಣ ಕೇಳಿದರೆ, 'ನೀ ಓದಿದಾಕಿ' ಎಂದರು. ಓದಿದ್ದು ಪೇಶವೆಯರ ಕಾಲದ ಕಂದಾಯ ಪದ್ಧತಿ. ಅದನ್ನು ಯಾರೂ ಕೇಳಲಿಲ್ಲ.

ನಮ್ಮ ಮನೆಯಲ್ಲಿ ಒಂದೇ ವಯಸ್ಸಿನ ಮೂರು ಮಕ್ಕಳು. ನನ್ನ ತವರೂರು ವಳಸಂಗದಲ್ಲಿ ಅವ್ವನ ಜೊತೆಗಿರುವ ಅಣ್ಣನ ಮಗ ಆದಿತ್ಯ, ಅಸಂಗಿಗೆ ಕೊಟ್ಟ ತಂಗಿ ಲಕ್ಕವ್ವನ ಮಗಳು ಸಾನಿಕಾ, ಮತ್ತು ನನ್ನ ಮಗ ಓಂಕಾರ. ಮೂವರಿಗೂ ಒಂಬತ್ತು ತುಂಬಿ ಹತ್ತು. ಮೂವರೂ ಮೊಬೈಲಿನಲ್ಲಿ ಪ್ಲಾಸ್ಟಿಕ್ಕಿನ ಪುಟ್ಟ ಇಟ್ಟಿಗೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಆಕಾಶನೌಕೆ ಕಟ್ಟುವ ವಿಡಿಯೋ ನೋಡಿ, ಈ ಸಲ ಪಟಾಕಿ ಬೇಡ, ಅದೇ ಬೇಕು ಎಂದು ಹಟ ಹಿಡಿದಿದ್ದರು. ಪಟಾಕಿ ಬೇಡ ಅಂದದ್ದಕ್ಕೆ ನಾವು ದೊಡ್ಡವರೆಲ್ಲ ಒಳಗೊಳಗೇ ಖುಷಿಪಟ್ಟೆವು. ಈ ಡಬ್ಬಿಗಳ ಬೆಲೆ ಆಗ ನಮಗೆ ಗೊತ್ತಿರಲಿಲ್ಲ.

ಮೊದಲು ಅಣ್ಣನ ಫೋನ್ ಬಂತು. ಅವನದು ಜತ್ತದಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಯಾವ ವಸ್ತುವನ್ನಾದರೂ ತೂಕದಿಂದಲೇ ಗೌರವಿಸುವವನು. "ತಂಗೀ, ನಮ್ಮ ಆದ್ಯಾಗ ದೊಡ್ಡದ ತಾ. ಡಬ್ಬಿ ಎತ್ತಲಾಕ ಇಬ್ಬರು ಬೇಕು, ಹಂಗಿರಲಿ. ನಾಕು ಸಾವಿರ ತನಕಾ ನಡೀತದ" ಎಂದ. ಅದಾದ ಮೇಲೆ ಲಕ್ಕಿಯ ಫೋನ್. "ಅಕ್ಕಾ, ಐದುನೂರು ದಾಟಬಾರ್ದು. ದಾಟಿತಂದ್ರ ನಾ ಒಲ್ಲೆ. ಆಡೂ ಸಾಮಾನಕ್ಕ ಐದುನೂರಂದ್ರ ಭಾಳಾತು. ಮತ್ತ ನೀ ಆವಾಗಿನಗತೆ ಶಾಣ್ಯಾತನ ಮಾಡಬ್ಯಾಡ." ಲಕ್ಕಿಗೆ ಬಡತನವೇನಿಲ್ಲ. ಎಪ್ಪತ್ತು ಕುರಿ ಇವೆ, ದಾಳಿಂಬೆ ಹಚ್ಚಿದ್ದಾರೆ. ಆದರೆ ತನ್ನ ಮಗಳ ಕೈಗೆ ಬರುವ ವಸ್ತು ತನ್ನ ರೊಕ್ಕದ್ದೇ ಆಗಿರಬೇಕು, ತನ್ನ ಲೆಕ್ಕದ್ದೇ ಆಗಿರಬೇಕು ಎಂಬುದು ಅವಳ ಪಟ್ಟು.

ಆ 'ಆವಾಗಿನ ಶಾಣ್ಯಾತನ'ದ, ಅಂದರೆ ನನ್ನ ಹಳೆಯ ಜಾಣತನದ ಬಗ್ಗೆ ಹೇಳಬೇಕು. ಮೂರು ವರ್ಷದ ಹಿಂದೆ ಲಕ್ಕಿ ಮುನ್ನೂರು ರೂಪಾಯಿಯೊಳಗೆ ಸಾನಿಕಾಳಿಗೆ ಒಂದು ಶಾಲೆಯ ಚೀಲ ತರಲು ಹೇಳಿದ್ದಳು. ನಾನು ಏಳುನೂರರದು ತಂದು, ಬೆಲೆಯ ಚೀಟಿ ಹರಿದು, ಮುನ್ನೂರು ಎಂದು ಹೇಳಿದೆ. ಲಕ್ಕಿ ಮುಂದಿನ ವಾರ ಜತ್ತದ ಸಂತೆಗೆ ಬಂದವಳು ಅದೇ ಚೀಲ ತೂಗಿಬಿಟ್ಟ ಅಂಗಡಿಯ ಮುಂದೆ ನಿಂತು ಬೆಲೆ ಕೇಳಿದಳು. ನಾಲ್ಕು ದಿನ ಬಿಟ್ಟು ಎಸ್‌ಟಿ ಬಸ್ಸಿನಲ್ಲಿ ನನ್ನ ಹೆಸರಿಗೆ ಒಂದು ಹೊಸ ಕಂಬಳಿ ಬಂತು. ಚೀಟಿ ಇಲ್ಲ, ಸಂದೇಶವಿಲ್ಲ. ಅದರ ಬೆಲೆ ಚೀಲದ ಮೇಲೆ ನಾನು ಹಾಕಿದ ರೊಕ್ಕಕ್ಕಿಂತ ಖಂಡಿತ ಹೆಚ್ಚು. ಆ ಕಂಬಳಿ ಹೊದ್ದರೆ ಇವತ್ತಿಗೂ ಚುಚ್ಚುತ್ತದೆ. ಅದು ಉಣ್ಣೆಯ ಗುಣವೋ ತಂಗಿಯ ಗುಣವೋ ಹೇಳಲಾರೆ. ಆಮೇಲೆ ಲಕ್ಕಿ ನನ್ನೊಂದಿಗೆ ನಾಲ್ಕು ತಿಂಗಳು ಮಾತು ಬಿಟ್ಟಿದ್ದಳೆಂಬುದು ನನ್ನ ನೆನಪು. ದಿನಚರಿಯ ಪ್ರಕಾರ ಹನ್ನೊಂದು ದಿನ. ಲಕ್ಕಿಯನ್ನೇ ಕೇಳಿದರೆ, "ನಾ ಯಾವಾಗ ಸಿಟ್ಟಾಗಿದ್ನಿ?" ಎನ್ನುತ್ತಾಳೆ. ಮೂರು ಆಧಾರಗಳು, ಮೂರು ತೀರ್ಮಾನಗಳು. ನನ್ನ ವಿಷಯವೇ ಹೀಗಿದ್ದರೆ ಪೇಶವೆಯರ ಪಾಡೇನು?

ಅಂತೂ ಪರಿಸ್ಥಿತಿ ಸ್ಪಷ್ಟವಾಗಿತ್ತು. ಮೂರು ಡಬ್ಬಿ, ಮೂರು ಬೆಲೆ, ಆರಿಸುವವಳು ಒಬ್ಬಳು, ಮತ್ತು ಆ ಒಬ್ಬಳ ಸ್ವಂತ ಮಗನೂ ಮೂವರಲ್ಲಿ ಒಬ್ಬ. ಓಂಕಾರನಿಗೆ ನಾನು ಸಾವಿರದೈನೂರು ಎಂದು ಗೊತ್ತುಮಾಡಿಕೊಂಡೆ. ಅಣ್ಣನಿಗಿಂತ ಕಡಿಮೆ, ತಂಗಿಗಿಂತ ಹೆಚ್ಚು. ನ್ಯಾಯದ ನಡುದಾರಿ ಎಂದು ನನಗೆ ಅನ್ನಿಸಿತ್ತು. ನಮ್ಮ ಯಜಮಾನರು ಚಹಾ ಕುಡಿಯುತ್ತ, "ನಡುದಾರಿ ಅಂತ ನೀ ಅಂತಿ. ಲಕ್ಕಿ ನೋಡಿದ್ರ ಮೂರು ಪಟ್ಟು ಅಂತಾಳ" ಎಂದು ಹೇಳಿ ಪೇಪರಿನೊಳಗೆ ಮುಖ ಮುಚ್ಚಿಕೊಂಡರು. ದೀಪಾವಳಿಯ ದಿನ ವಳಸಂಗದ ಪಡಸಾಲೆಯಲ್ಲಿ ಮೂರು ಮಕ್ಕಳೂ ಒಟ್ಟಿಗೇ ಡಬ್ಬಿ ಬಿಚ್ಚುವವರು. ಒಂದು ಟ್ರಂಕಿನಷ್ಟು, ಒಂದು ಬೂಟಿನ ಡಬ್ಬಿಯಷ್ಟು, ಒಂದು ಸಾಬೂನಿನ ಡಬ್ಬಿಯಷ್ಟು. ಸಾನಿಕಾಳ ಮುಖ ಹೇಗಾದೀತು, ಬಾಗಿಲಲ್ಲಿ ನಿಂತು ನೋಡುವ ಲಕ್ಕಿಯ ಮುಖ ಹೇಗಾದೀತು ಎಂದು ನೆನೆದರೆ ಊಟ ಇಳಿಯುತ್ತಿರಲಿಲ್ಲ. ರೊಕ್ಕ ಸೇರಿಸುವಂತಿಲ್ಲ. ಇನ್ನೊಂದು ಕಂಬಳಿ ಇಡಲು ಮನೆಯಲ್ಲಿ ಜಾಗವೂ ಇಲ್ಲ.

ಹದಿನೈದು ದಿನ ನಾನು ಮೊಬೈಲಿನಲ್ಲಿ ಇಟ್ಟಿಗೆ ಡಬ್ಬಿಗಳ ಅಧ್ಯಯನ ಮಾಡಿದೆ. ಎಂ.ಎ.ಗೆ ಇಷ್ಟು ಓದಿದ್ದರೆ ಚಿನ್ನದ ಪದಕ ಬರುತ್ತಿತ್ತೇನೋ. ಒಂದೆರಡು ಸಂಗತಿ ಕಲಿತೆ. ಚಿತ್ರದಲ್ಲಿ ನೌಕೆ ದೊಡ್ಡದು ಕಂಡರೆ ನಂಬಬಾರದು. ಪಕ್ಕದಲ್ಲಿ ನಿಂತ ಗೊಂಬೆಯ ಎತ್ತರ ನೋಡಬೇಕು. ಕೆಲವು ಡಬ್ಬಿಗಳಲ್ಲಿ ನೌಕೆಯ ಹೊಟ್ಟೆ ಒಂದೇ ಅಚ್ಚಿನ ದೊಡ್ಡ ತುಂಡಾಗಿರುತ್ತದೆ, ಸಿಕ್ಕಿಸಲು ಉಳಿಯುವುದು ಬಾಲ ಮಾತ್ರ, ಅಂಥದ್ದು ಬೇಡ. ಕಡಿಮೆ ಬೆಲೆಯಲ್ಲಿ ಕೊಳ್ಳುವವರು ಒಂದೇ ಡಬ್ಬಿಯ ತುಂಡುಗಳಿಂದ ಎರಡು ಮೂರು ಆಕಾರ ಕಟ್ಟಲು ಬರುವಂಥದ್ದನ್ನು ಹುಡುಕಬೇಕು. ಸಾನಿಕಾಳಿಗೆ ಅಂಥದ್ದೇ ಸಿಕ್ಕಿತು: ರೋಬೋ, ಅದನ್ನು ಬಿಚ್ಚಿದರೆ ಗಾಲಿಯ ಗಾಡಿ, ಅದನ್ನೂ ಬಿಚ್ಚಿದರೆ ನಾಯಿಯಂಥ ಏನೋ ಒಂದು. ನಾನೂರಾ ತೊಂಬತ್ತು. ಓಂಕಾರನಿಗೆ ರೆಕ್ಕೆ ಮಡಚುವ ಆಕಾಶನೌಕೆ. ಆದಿತ್ಯನಿಗೆ ಚಂದ್ರನ ಮೇಲಿನ ನಿಲ್ದಾಣ: ಗಾಜಿನ ಗುಮ್ಮಟ, ಏಣಿ, ತಟ್ಟೆಯಂಥ ಆಂಟೆನಾ, ಶಿರಸ್ತ್ರಾಣದ ಐದು ಗಗನಯಾತ್ರಿಗಳು. ಮೂರೂ ಒಂದೇ ತಯಾರಕರವು, ಯಾಕೆಂದರೆ ಬೇರೆ ಬೇರೆಯವರವಾದರೆ ಒಂದರ ಇಟ್ಟಿಗೆ ಇನ್ನೊಂದಕ್ಕೆ ಕೂಡುವುದಿಲ್ಲವಂತೆ. ಆಗ ಇದೊಂದು ಬುದ್ಧಿವಂತಿಕೆ ಎಂದು ನನಗೆ ಅನ್ನಿಸಿರಲಿಲ್ಲ. ಅಂಚೆಯ ಖರ್ಚು ಉಳಿಯುತ್ತದೆ ಎಂದಷ್ಟೇ ಲೆಕ್ಕ ಹಾಕಿದ್ದೆ.

ಡಬ್ಬಿಗಳು ಬಂದವು. ಅಣ್ಣ ಬಯಸಿದ ದೊಡ್ಡ ಡಬ್ಬಿ ಬಿಚ್ಚಿ ನೋಡಿದರೆ ಅರ್ಧ ಗಾಳಿ. ಆಗ ನನಗೊಂದು ಉಪಾಯ ಹೊಳೆಯಿತು. ಉಪಾಯ ಹೊಳೆದಾಗಲೆಲ್ಲ ನನಗೆ ತೊಂದರೆಯಾಗಿದೆ ಎಂಬುದಕ್ಕೆ ದಿನಚರಿಯಲ್ಲಿ ಬೇಕಾದಷ್ಟು ಪುರಾವೆ ಇದೆ, ಆದರೆ ಆ ಹೊತ್ತಿಗೆ ಯಾರು ತೆಗೆದು ನೋಡುತ್ತಾರೆ? ಮನೆಯಲ್ಲಿ ಒಂದೇ ಅಳತೆಯ ಮೂರು ಸೀರೆ ಡಬ್ಬಿಗಳಿದ್ದವು, ಬಿಳಿಯವು. ಪ್ಲಾಸ್ಟಿಕ್ ಪೊಟ್ಟಣಗಳನ್ನೆಲ್ಲ ಅವಕ್ಕೆ ವರ್ಗಾಯಿಸಿದೆ. ನಿಲ್ದಾಣ ಒಂದರಲ್ಲಿ ಒತ್ತಿ ಒತ್ತಿ ಹಿಡಿಸಿತು. ನೌಕೆ ಅರ್ಧಕ್ಕೆ ಬಂತು. ರೋಬೋ ತಳದಲ್ಲೇ ಉಳಿಯಿತು. ಅದರ ಮೇಲೆ ಮರಾಠಿ ಪೇಪರಿನ ಉಂಡೆಗಳನ್ನು ತುರುಕಿ ಸಮ ಮಾಡಿದೆ. ಹೊರಗಿನಿಂದ ಮೂರೂ ಒಂದೇ. ಬಿಚ್ಚುವ ಹೊತ್ತಿಗೆ ಮೂವರನ್ನೂ ಮೂರು ಕೋಣೆಗೆ ಕಳಿಸಿದರಾಯಿತು ಎಂದುಕೊಂಡೆ. ಮೇಲೆ ಹೆಸರು ಬರೆಯಲಿಲ್ಲ. ಯಾವುದು ಯಾರದೆಂದು ನೆನಪಿರುತ್ತದೆ ಎಂದುಕೊಂಡೆ. ಹೌದು, ನಾನೇ.

ದೀಪಾವಳಿಯ ಬೆಳಿಗ್ಗೆ ವಳಸಂಗದಲ್ಲಿ ಎಣ್ಣೆಸ್ನಾನದ ಸರದಿ. ಮಕ್ಕಳು, ಅಣ್ಣ, ಲಕ್ಕಿ ಎಲ್ಲ ಮುಗಿಸಿ ಕೊನೆಗೆ ನನ್ನ ಪಾಳಿ ಬಂತು. ತಲೆಗೆ ಸೀಗೆಕಾಯಿ ಹಚ್ಚಿಕೊಂಡು ಕಣ್ಣು ಮುಚ್ಚಿ ಕೂತಿದ್ದಾಗ ಪಡಸಾಲೆಯ ಕಡೆಯಿಂದ ತಗಡಿನ ಡಬ್ಬಿಗೆ ಶೇಂಗಾ ಸುರಿದಂಥ ಸದ್ದು ಕೇಳಿತು. ಅವ್ವ ಶೇಂಗಾ ಅಳೆಯುತ್ತಿರಬೇಕು ಎಂದುಕೊಂಡು ಇನ್ನೆರಡು ತಂಬಿಗೆ ನೀರು ಹೆಚ್ಚಿಗೆ ಹಾಕಿಕೊಂಡೆ. ಆಮೇಲೆ ಓಂಕಾರ ಬಚ್ಚಲ ಬಾಗಿಲು ಬಡಿದ. "ಆಯೀ, ಲಗೂನ ಬಾ. ಅಜ್ಜಿ ಪಾಲು ಹಾಕ್ಲಾಕತ್ಯಾಳ!"

ನಮ್ಮ ಮನೆಯಲ್ಲಿ ಪಾಲು ಹಾಕುವುದಕ್ಕೆ ಒಂದು ಪದ್ಧತಿ ಇದೆ. ಉಣ್ಣೆ ಇರಲಿ, ಬೆಲ್ಲ ಇರಲಿ, ಕಂಬಳಿ ಹಾಸಿ ಅದರ ಮೇಲೆ ಕಣ್ಣಂದಾಜಿನಲ್ಲಿ ಎಷ್ಟು ಜನವೋ ಅಷ್ಟು ಗುಂಪಿ, ಅಂದರೆ ಗುಡ್ಡೆ, ಮಾಡಬೇಕು. ಮನೆಯವರೊಬ್ಬರು ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಅವ್ವ ಒಂದು ಗುಂಪಿಯ ಮೇಲೆ ಕೈಯಿಟ್ಟು, 'ಇದು ಯಾರಿಗೆ?' ಎಂದು ಕೇಳುತ್ತಾಳೆ. ನಿಂತವರು ನೋಡದೆ ಒಂದು ಹೆಸರು ಹೇಳುತ್ತಾರೆ. ಹೇಳಿದ ಮೇಲೆ ಮುಗಿಯಿತು. ದೇವರು ಬಂದರೂ ಬದಲಿಲ್ಲ. ಹಂಚಿ ಉಳಿದದ್ದು ನಮ್ಮ ಮನೆದೇವರು ಬೀರದೇವರಿಗೆ. ಇದೇ ಪದ್ಧತಿಯಲ್ಲಿ ಚಿಕ್ಕಂದಿನಲ್ಲಿ ನನಗೆ ಯಾವಾಗಲೂ ಸಣ್ಣ ಗುಂಪಿಯೇ ಬರುತ್ತಿತ್ತು. ಅಣ್ಣನಿಗೆ ದೊಡ್ಡದು, ಲಕ್ಕಿಗೆ ದೊಡ್ಡದು, ನನಗೆ ಸಣ್ಣದು. ಇದನ್ನು ನಾನು ಗಂಡನಿಗೆ ಹೇಳಿದ್ದೇನೆ, ಗೆಳತಿಯರಿಗೆ ಹೇಳಿದ್ದೇನೆ, ಚರಿತ್ರೆಯಲ್ಲಿ ಅನ್ಯಾಯ ಎಂಬ ಪಾಠ ಬಂದಾಗ ಕ್ಲಾಸಿನಲ್ಲೂ ಒಮ್ಮೆ ಹೇಳಿದ್ದೇನೆ.

ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಹೊರಗೆ ಬಂದು ನೋಡಿದರೆ, ಪಡಸಾಲೆಯ ನಡುವೆ ಕಂಬಳಿ. ಕಂಬಳಿಯ ಮೇಲೆ ಅವ್ವ. ಅವಳ ಕೈಯಲ್ಲಿ ಜೋಳ ಅಳೆಯುವ ಅರ್ಧ ಸೇರಿನ ಮಾಪು. ಮುಂದೆ ಬೂದು, ಬಿಳಿ, ಕಿತ್ತಳೆ ಬಣ್ಣದ ಮೂರು ಗುಂಪಿ. ಬದಿಗೆ ಈಳಿಗೆಯಿಂದ ಕೊಯ್ದ ಪ್ಲಾಸ್ಟಿಕ್ ಪೊಟ್ಟಣಗಳ ರಾಶಿ, ಬರಿದಾದ ಮೂರು ಸೀರೆ ಡಬ್ಬಿ. ನಿಲ್ದಾಣ, ನೌಕೆ, ರೋಬೋ ಮೂರನ್ನೂ ಮೊರಕ್ಕೆ ಸುರಿದು, ಕೈಯಾಡಿಸಿ ಕಲಸಿ, ಮಾಪಿನಿಂದ ಅಳೆದು, ಮೇಲೆ ಅಂಗೈಯಿಂದ ಸವರಿ ಸಮ ಮಾಡಿ ಹಂಚಿದ್ದಳು. ಮಕ್ಕಳು ಸುತ್ತ ಕೂತಿದ್ದರು. ಅಣ್ಣ ಚಹಾದ ಬಟ್ಟಲು ಹಿಡಿದು ನಿಂತಿದ್ದ. ಲಕ್ಕಿ ಬಾಗಿಲಿಗೆ ಒರಗಿದ್ದಳು.

"ಅವ್ವಾ, ಏನ ಮಾಡಿದ್ಯ?" ಎಂದೆ.

"ನೀ ಮಾಡಬೇಕಾದ್ದ ಮಾಡೀನಿ" ಎಂದಳು ಅವ್ವ. "ಎಂ.ಎ. ಮಾಡಿದಿ, ಪಾಲು ಮಾಡೂದು ಕಲೀಲಿಲ್ಲ. ಒಂದು ಡಬ್ಬಿ ತುಂಬಿ ತುಳುಕತದ. ಒಂದರಾಗ ಹಿಡಿಯಷ್ಟ ಹಾಕಿ ಮ್ಯಾಲ ಪೇಪರ್ ತುರುಕೀದಿ. ಮೂರೂ ನಮ್ಮ ಮಕ್ಕಳ ಅಲ್ಲೇನು? ಹಿಂಗ ಮಾಡ್ತಾರೇನು ಯಾರರೆ?"

ಅಣ್ಣ ಬಾಯಿಗೆ ಹಿಡಿದ ಬಟ್ಟಲನ್ನು ಕೆಳಗಿಳಿಸಿದ. "ಅವ್ವಾ, ಅವು ಬ್ಯಾರೆ ಬ್ಯಾರೆ ಇದ್ದು. ಆದ್ಯಾಂದು ಚಂದ್ರನ ಮ್ಯಾಲಿನ..."

"ಏನ ಬ್ಯಾರೆ? ಇಟ್ಟಂಗಿ ಅವ. ನಾ ಕಣ್ಣಿಲೆ ನೋಡೀನಿ, ಕೈಲೆ ಅಳದೀನಿ. ನೀ ಸುಮ್ನ ಚಾ ಕುಡಿ."

ನಲವತ್ತೆಂಟು ವರ್ಷದ, ಅಂಗಡಿಯ ಮಾಲೀಕನಾದ ನನ್ನ ಅಣ್ಣ ಸುಮ್ಮನೆ ಚಹಾ ಕುಡಿದ. ನಾನು ಲಕ್ಕಿಯ ಕಡೆ ನೋಡಲಿಲ್ಲ. ಪೇಪರ್ ತುರುಕಿದ್ದು ಯಾರ ಡಬ್ಬಿ ಎಂದು ಅವಳಿಗೆ ತಿಳಿಯದೆ ಇರುತ್ತದೆಯೇ?

"ಬಾ, ಮಾರಿ ತಿರುವಿ ನಿಂದ್ರು" ಎಂದಳು ಅವ್ವ. ನಾನು ಗೋಡೆಗೆ ಮುಖ ಮಾಡಿ ನಿಂತೆ. ಎದುರಿಗೆ ಹಲಗೆಯ ಮೇಲೆ ಹಬ್ಬಕ್ಕೆಂದು ತಿಕ್ಕಿ ಬೋರಲು ಹಾಕಿದ ಸ್ಟೀಲಿನ ಕೊಡ, ತಂಬಿಗೆಗಳು. "ಕಣ್ಣು ಮುಚ್ಚು" ಎಂದಳು. ಇದು ಪದ್ಧತಿಯಲ್ಲಿ ಇರಲಿಲ್ಲ. ಎಲ್ಲರ ಮುಂದೆ ನನ್ನೊಬ್ಬಳಿಗೇ ಯಾಕೆ ಈ ಷರತ್ತು ಎಂದು ಅವಮಾನವಾದರೂ ಕಣ್ಣು ಮುಚ್ಚಿದೆ. "ಇದು ಯಾರಿಗೆ?" "ಸಾನಿಕಾಗ." "ಇದು?" "ಓಂಕಾರಗ." ಉಳಿದದ್ದು ಆದಿತ್ಯನಿಗೆ. ಕಟ್ಟುವ ವಿಧಾನದ ಮೂರು ಪುಸ್ತಕಗಳನ್ನೂ ಗುಂಪಿಗೊಂದರಂತೆ ಇಟ್ಟಿದ್ದಳು. ನಿಲ್ದಾಣದ ದಪ್ಪ ಪುಸ್ತಕ ಸಾನಿಕಾಳಿಗೆ ಹೋಯಿತು, ನೌಕೆಯದು ಓಂಕಾರನಿಗೇ ಬಂತು, ರೋಬೋದ ಎರಡು ಹಾಳೆ ಆದಿತ್ಯನಿಗೆ. ಐದು ಗಗನಯಾತ್ರಿಗಳಲ್ಲಿ ಮೂವರು ಮೂವರಿಗೆ. ಉಳಿದ ಇಬ್ಬರನ್ನು ಅವ್ವ ಪದ್ಧತಿಯಂತೆ ದೇವರ ಜಗಲಿಯ ಮೇಲೆ ಕೂರಿಸಿ ಭಂಡಾರ ಹಚ್ಚಿದಳು. ಬಿಳಿ ಶಿರಸ್ತ್ರಾಣದ ಮೇಲೆ ಅರಿಶಿನ ಚೆನ್ನಾಗಿಯೇ ಒಪ್ಪಿತು.

ಆಮೇಲಿನ ಎರಡು ನಿಮಿಷ ನನ್ನ ಜೀವನದ ಉದ್ದದ ನಿಮಿಷಗಳು ಎಂದು ಬರೆಯಬಹುದಿತ್ತು, ಆದರೆ ನಾನು ಗಡಿಯಾರ ನೋಡಿರಲಿಲ್ಲ. ಆದಿತ್ಯ ತನಗೆ ಬಂದ ಎರಡು ಹಾಳೆಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದ. ಸಾನಿಕಾ ಮಾತ್ರ ಹೊಟ್ಟೆಯ ಮೇಲೆ ಮಲಗಿ ದಪ್ಪ ಪುಸ್ತಕದ ಮೊದಲ ಪುಟ ತೆಗೆದಿದ್ದಳು. ಉದ್ದನೆಯ ಬೂದು ತುಂಡು ಎರಡು ಬೇಕು. ತನ್ನ ಗುಂಪಿಯಲ್ಲಿ ಇರುವುದು ಒಂದು. ಕಣ್ಣು ಹಾಯಿಸಿ ನೋಡಿ, "ಆದ್ಯಾ, ಅದು ನಿನ್ನ ಹಂತ್ಯಾಕದ. ಕೊಡು" ಎಂದಳು.

"ನಾ ಯಾಕ ಕೊಡ್ಲಿ?"

"ರೋಬೋದ ಕಣ್ಣು ನನ್ನ ಹಂತ್ಯಾಕ ಅವ. ಕುರುಡು ರೋಬೋ ಕಟ್ತೀಯೇನ?"

ಆದಿತ್ಯ ಯೋಚಿಸಿದ. ಅಂಗಡಿಕಾರನ ಮಗ. ಒಂದು ಬೂದು ತುಂಡಿಗೆ ಎರಡು ಕಣ್ಣು ಎಂದು ಗೊತ್ತುಮಾಡಿದ. ಓಂಕಾರ ತನ್ನಲ್ಲಿರುವ ಗುಮ್ಮಟಕ್ಕೆ ಯಾರೇನು ಕೊಡುತ್ತೀರಿ ಎಂದು ಕೂಗಿದ. ಪಡಸಾಲೆ ಸಂತೆಯಾಯಿತು. ಹೋಳಿಗೆ ಬೇಯುವ ಹೊತ್ತಿಗೆ ಕೊಡುಕೊಳ್ಳುವುದು ಬೇಸರವಾಗಿ ಮೂರು ಗುಂಪಿಯನ್ನೂ ಅವರೇ ಮತ್ತೆ ಒಂದು ಮಾಡಿಕೊಂಡಿದ್ದರು. ಅಣ್ಣ ಇಸ್ತ್ರಿ ಮಾಡಿದ ಅಂಗಿಯಲ್ಲೇ ಕಂಬಳಿಯ ಮೇಲೆ ಬೋರಲು ಮಲಗಿ ಆಂಟೆನಾದ ಕಡ್ಡಿ ಹುಡುಕುತ್ತಿದ್ದ. ಊಟಕ್ಕೆ ಕರೆದರೆ, "ತಡಿ ತಂಗೀ, ಒಂದು ಬೋಲ್ಟ್ ಸಿಗವಲ್ದು" ಎಂದ. ಸಂಜೆಗೆ ನಿಂತದ್ದು ಯಾವ ಪುಸ್ತಕದಲ್ಲೂ ಇರಲಿಲ್ಲ. ಚಂದ್ರನ ಮೇಲೆ ಒಂದು ಕುರಿಹಟ್ಟಿ. ಸುತ್ತ ಬೂದು ಬೇಲಿ, ನಡುವೆ ಗಾಜಿನ ಗುಮ್ಮಟ, ಅದರೊಳಗೆ ಬಿಳಿ ಇಟ್ಟಿಗೆಯ ಕುರಿಗಳು. ಗಾಳಿ ಇಲ್ಲದ ಜಾಗವಲ್ಲವೇ, ಕುರಿಗೆ ಗುಮ್ಮಟ ಬೇಕು ಎಂದು ಸಾನಿಕಾ ವಿವರಿಸಿದಳು. ಬಾಗಿಲಲ್ಲಿ ರೋಬೋ ಆಂಟೆನಾದ ಕಡ್ಡಿಯನ್ನೇ ಕೋಲಾಗಿ ಹಿಡಿದು ನಿಂತಿತ್ತು. ನೌಕೆ, ಉಣ್ಣೆಯನ್ನು ಭೂಮಿಗೆ ಸಾಗಿಸಲು.

ಅಡುಗೆಮನೆಯಲ್ಲಿ ಲಕ್ಕಿ ನನ್ನ ಪಕ್ಕಕ್ಕೆ ಬಂದು ನಿಂತಳು. "ಅಕ್ಕಾ, ಖರೇ ಹೇಳು. ಸಾನಿಕಾಂದು ಎಷ್ಟಾತು?"

"ನಾನೂರಾ ತೊಂಬತ್ತು."

"ಪಾವತಿ?"

ಮೊಬೈಲ್ ತೆಗೆದು ರಸೀದಿ ತೋರಿಸಿದೆ. ಹತ್ತಿರ ಹಿಡಿದು, ದೂರ ಹಿಡಿದು, ಎರಡು ಸಲ ಓದಿದಳು. ಆಮೇಲೆ ನಕ್ಕಳು. "ಹಂಗಾದ್ರ ಚಲೋ. ನನ್ನದು ನಾ ಕೊಟ್ಟೀನಿ. ಮುಂದಿಂದು ಅವ್ವ ಹಾಕಿದ ಪಾಲು. ಅದಕ್ಕ ಅಣ್ಣ ಅವ್ವನ್ನ ಕೇಳಲಿ, ಧೈರ್ಯ ಇದ್ರ. ಮತ್ತ ಪೇಪರ್ ಯಾಕ ತುರುಕಿದ್ಯ? ನನ್ನ ಮಗಳು ಡಬ್ಬಿ ಸಣ್ಣದಂತ ಅಳಾಕಿ ಅನಕೊಂಡ್ಯೇನು?"

"ನಾನ ಅಳ್ತಿದ್ನೇನೊ" ಎಂದೆ.

"ಅದು ಖರೆ" ಎಂದಳು. ಹೋಗುತ್ತ ತಿರುಗಿ, "ಕಂಬಳಿ ಇನ್ನಾ ಚುಚ್ಚತದೇನು? ಒಂದೆರಡು ಸಲ ಒಗದ್ರ ಮೆತ್ತಗಾಗ್ತದ" ಎಂದಳು. ಸಿಟ್ಟೇ ಆಗಿರದವಳಿಗೆ ಕಂಬಳಿ ಚುಚ್ಚುವುದು ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ. ಹದಿನೈದು ದಿನದಿಂದ ಎದೆಯ ಮೇಲೆ ಕೂತಿದ್ದ ಏನೋ ಒಂದು ಎದ್ದುಹೋಯಿತು. ಆ ದಿನ ನಾನು ನಾಲ್ಕು ಹೋಳಿಗೆ ತಿಂದೆ. ಇದು ನೆನಪಲ್ಲ, ದಿನಚರಿಯಲ್ಲಿದೆ.

ಸಂಜೆ ಅವ್ವನ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತಾಗ, ಮನಸ್ಸು ಹಗುರಾದ ಧೈರ್ಯದಲ್ಲಿ ಹಳೆಯ ದೂರನ್ನೂ ಹೇಳಿಬಿಟ್ಟೆ. "ಅವ್ವಾ, ಮಕ್ಕಳಿಗೆ ಮಾಪಿಲೆ ಅಳದು ಹಾಕಿದಿ. ಸಣ್ಣಾಕಿದ್ದಾಗ ನನಗ ಯಾವಾಗಲೂ ಸಣ್ಣ ಗುಂಪಿ ಬರ್ತಿತ್ತಲ್ಲ?"

ಅವ್ವ ಎಲೆಗೆ ಸುಣ್ಣ ಹಚ್ಚುತ್ತ, "ಬರ್ತಿತ್ತು. ಹೆಸರು ಹೇಳಾಕಿ ಯಾರಿದ್ಲು?" ಎಂದಳು.

ನಾನು ಯೋಚಿಸಿದೆ. ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದವಳು ನಾನೇ ಇರಬಹುದು. ಬೆನ್ನ ಹಿಂದೆ ನಡೆದದ್ದರ ನೆನಪು ನನಗೆ ಅಷ್ಟಾಗಿ ಇಲ್ಲ.

"ನೀನ ಇದ್ದಿ. ಎದುರಿಗೆ ಹಿತ್ತಾಳಿ ತಂಬಿಗಿ ಇಡ್ತಿದ್ದಿ, ಮೊದಲ ತಿಕ್ಕಿ ಹೊಳಿಯಂಗ ಮಾಡಿ. ಅದರಾಗ ನೋಡಿ ಹೇಳ್ತಿದ್ದಿ. ತಂಬಿಗಿ ಹೊಟ್ಟ್ಯಾಗ ನಡುವಿನ ಗುಂಪಿ ದೊಡ್ಡದ ಕಾಣ್ತದ, ಬಾಜುಕಿನವು ಸಣ್ಣಾಗಿ ಕಾಣ್ತಾವ. ನನಗ ಗೊತ್ತಿಲ್ಲೇನು? ಅದಕ್ಕ ನಾ ಸಣ್ಣದ ನಡುವ ಇಡ್ತಿದ್ನಿ." ಎಲೆ ಬಾಯಿಗೆ ಹಾಕಿಕೊಂಡಳು. "ಒಂದಿನಾರೆ ಈ ಚಟ ಬಿಟ್ಟೀ ಅಂತ ನೋಡಿದ್ನಿ. ಬಿಡಲಿಲ್ಲ ನೀ."

ನಾನು ಮನೆಗೆ ಬಂದು ಹಳೆಯ ದಿನಚರಿಗಳನ್ನೆಲ್ಲ ತೆಗೆದು ಹುಡುಕಿದೆ. ಅಷ್ಟು ಹಳೆಯದು ಯಾವುದೂ ಇಲ್ಲ. ನಾನು ಬರೆಯಲು ಶುರುಮಾಡಿದ್ದೇ ದೊಡ್ಡವಳಾದ ಮೇಲೆ. ಹಾಗಾಗಿ ಅವ್ವನ ಮಾತನ್ನು ಒಪ್ಪಲು ಬೇಕಾದ ಲಿಖಿತ ಆಧಾರವಿಲ್ಲ, ಅಲ್ಲಗಳೆಯಲೂ ಇಲ್ಲ ಎಂದು ಟಿಪ್ಪಣಿ ಬರೆದು, ಕ್ಲಾಸಿನಲ್ಲಿ ಹೇಳುವ ಅನ್ಯಾಯದ ಉದಾಹರಣೆಯನ್ನು ಬದಲಿಸಬೇಕು ಎಂದು ಅದರ ಕೆಳಗೆ ಗುರುತು ಹಾಕಿಕೊಂಡೆ.

ಇನ್ನು ಒಂದು ಸಂಗತಿ. ಆ ದಿನ ಅವ್ವ ಹೇಳಿದಾಗ ಕಣ್ಣು ಮುಚ್ಚಿದೆ ಎಂದು ಮೇಲೆ ಬರೆದಿದ್ದೇನೆ. ಎದುರಿಗೆ ಆ ಹೊಳೆಯುವ ಕೊಡವಿರುವಾಗ ಎರಡನ್ನೂ ಮುಚ್ಚಿದ್ದೆನೋ ಇಲ್ಲವೋ, ಈಗ ಆಣೆ ಮಾಡಿ ಹೇಳಲಾರೆ. ಓಂಕಾರನಿಗೆ ಬಂದದ್ದು ಮಾತ್ರ ನಡುವಿನ ಗುಂಪಿ.